ಬೇಡ ಎನ್ನದೆ ಹೊತ್ತು ತಂದ ಗಾಲಿಚಾ

ಠಾಣೆ

ಇರಾನಿಗೆ ಹೋಗಿ ಬಂದವರು ಹಳೆಯ ಅರಮನೆಯ ಕಂಬಗಳ ಬಗ್ಗೆ, ಗುಲಾಬಿ ತೋಟಗಳ ಬಗ್ಗೆ ಬರೆಯುತ್ತಾರೆ. ನಾನು ಅವೆರಡನ್ನೂ ನೋಡಿದೆ. ನೋಡುವಾಗ ನನ್ನ ತಲೆ ಬೇರೆಲ್ಲೋ ಇದ್ದುದರಿಂದ ಅವುಗಳ ಬಗ್ಗೆ ನನ್ನಿಂದ ಏನನ್ನೂ ನಿರೀಕ್ಷಿಸಬೇಡಿ. ನನಗೆ ನೆನಪಿರುವುದು ಶಿರಾಜ್ ನಗರದ ಒಂದು ಮನೆ, ಆ ಮನೆಯ ಕಿಟಕಿಯ ಬುಡದಲ್ಲಿ ಒಂದು ಹಳೆಯ ಗಾಲಿಚಾ, ಎಂದರೆ ರತ್ನಗಂಬಳಿ, ಹಾಸಿದ್ದ ಜಾಗ, ಮತ್ತು ಮರುದಿನ ಬೋಳಾಗಿ ಕಂಡ ಅದೇ ಜಾಗ. ಅದನ್ನು ಬೋಳು ಮಾಡಿದವನು ನಾನು.

ಠಾಣೆ ಸ್ಟೇಷನ್ನಿನ ಹತ್ತಿರ ನನ್ನದೊಂದು ಹೋಟೆಲು ಇದೆ. ಮನೆ ಡೊಂಬಿವಲಿಯಲ್ಲಿ, ಊರು ಕಾರ್ಕಳದ ಕಡೆ. ಇಡ್ಲಿ ವಡೆ ಮಾರುವವನಿಗೆ ಗಾಲಿಚಾದ ಹುಚ್ಚು ಹೇಗೆ ಹಿಡಿಯಿತು ಎಂದು ಎಲ್ಲರೂ ಕೇಳುತ್ತಾರೆ. ಠಾಣೆಯ ಹಳೆಯ ಬಂಗಲೆಗಳನ್ನು ಕೆಡವಿ ಟವರುಗಳನ್ನು ಎಬ್ಬಿಸುವ ಭರಾಟೆ ಶುರುವಾಗಿದ್ದ ಕಾಲ ಅದು. ಭಂಗಾರದವನೊಬ್ಬ, ಎಂದರೆ ಗುಜರಿ ಆಯುವವನು, ಅಂಥ ಒಂದು ಬಂಗಲೆಯಿಂದ ತಂದ ಸುರುಳಿಯನ್ನು ನಮ್ಮ ಹೋಟೆಲಿನ ಬಾಗಿಲಲ್ಲಿ ಇಳಿಸಿ, "ಶೇಟ್, ಪಾಯ್‌ಪುಸಣ್ಯಾಲಾ ಚಾಲೇಲ್," ಎಂದ. ಕಾಲೊರಸಿಗೆ ಆಗುತ್ತದೆ ಎಂದು ಅವನ ಲೆಕ್ಕ. ನಾನು ಅದನ್ನು ಡೊಂಬಿವಲಿಯ ಬಿಲ್ಡಿಂಗಿನ ಟೆರೇಸಿಗೆ ಒಯ್ದು ಅಂಟುವಾಳದ ನೊರೆಯಲ್ಲಿ ತೊಳೆದೆ. ಮಣ್ಣು ಹೋದಂತೆ ಕೆಳಗಿನಿಂದ ಒಂದು ಕೆಂಪು ಎದ್ದು ಬಂತು. ಆ ಕೆಂಪಿನ ಮೇಲೆ ಹಕ್ಕಿಗಳು, ಒಂದು ಬಾಚಣಿಗೆ, ಕೊಂಬಿನ ಹಾಗೆ ಸುತ್ತಿಕೊಂಡ ಗೆರೆಗಳು. ಯಾರೋ ಎಲ್ಲೋ ಕೂತು ಗಂಟಿನ ಮೇಲೆ ಗಂಟು ಹಾಕಿ ಏನೋ ಹೇಳಿದ್ದಾರೆ, ನನಗೆ ಓದಲು ಬರುತ್ತಿಲ್ಲ ಅನ್ನಿಸಿತು. ಅಲ್ಲಿಂದ ಹುಚ್ಚು ಹಿಡಿಯಿತು.

ಮುಂದಿನ ವರ್ಷಗಳಲ್ಲಿ ಕಲ್ಯಾಣದ ಹಳೆ ಫರ್ನಿಚರ್ ಅಂಗಡಿಯವರಿಗೆಲ್ಲ ನಾನು 'ಗಾಲಿಚಾವಾಲೆ ಶೆಟ್ಟಿ' ಆದೆ. ಕಳಂಬೋಲಿಯ ಕಬ್ಬಿಣದ ಗೋದಾಮಿನಲ್ಲಿ ತೂಕದ ಯಂತ್ರದ ಕೆಳಗೆ ಹಾಸಿದ್ದ ಒಂದನ್ನು ಬಿಡಿಸಿ ತಂದೆ. ಪುಸ್ತಕಗಳನ್ನು ತರಿಸಿದೆ. ಬಾಚಣಿಗೆ ಎಂದರೆ ಮದುವೆ, ಟಗರಿನ ಕೊಂಬು ಎಂದರೆ ಪೌರುಷ, ಸಿಂಹ ಎಂದರೆ ರಾಜತ್ವ, ನಡುವೆ ನಿಂತ ಮರ ಎಂದರೆ ಜೀವವೃಕ್ಷ. ಇದನ್ನೆಲ್ಲ ಬಾಯಿಪಾಠ ಮಾಡಿ ನಮ್ಮ ಕನ್ನಡ ಸಂಘದ ಸಭೆಯಲ್ಲಿ ಚಿತ್ರಗಳನ್ನು ತೋರಿಸಿ ಭಾಷಣವನ್ನೂ ಮಾಡಿದೆ. ಜನ ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿ ಸುಮತಿ ಮಾತ್ರ ಮನೆಗೆ ಬರುವಾಗ, "ಇಷ್ಟೆಲ್ಲ ಅರ್ಥ ನೇಯ್ದವರಿಗೆ ಗೊತ್ತುಂಟಾ ಮಾರಾಯ್ರೆ?" ಎಂದು ಕೇಳಿದಳು. ನಾವು ಮನೆಯಲ್ಲಿ ತುಳು ಆಡುವವರು. ನಿಮಗಾಗಿ ಅವಳ ಮಾತನ್ನು ಕನ್ನಡಕ್ಕೆ ತಿರುಗಿಸಿದ್ದೇನೆ, ಮಾತಿನ ಚುಚ್ಚು ಅಷ್ಟಿಷ್ಟು ಕಡಿಮೆಯಾಗಿರಬಹುದು.

ಇರಾನಿನ ಹುಡುಗ ಬೆಹ್ರೂಜ್ ನನ್ನ ಬದುಕಿಗೆ ಬಂದದ್ದು ಈ ಗಾಲಿಚಾದಿಂದಲೇ. ಪುಣೆಯಲ್ಲಿ ಓದಿ, ನವಿ ಮುಂಬೈಯ ಒಂದು ಕಂಪನಿಯಲ್ಲಿ ಟ್ರೇನಿಂಗಿಗೆ ಸೇರಿ, ಕೋಪರಖೈರಣೆಯಲ್ಲಿ ನಾಲ್ಕೈದು ಹುಡುಗರ ಜೊತೆ ಕೋಣೆ ಮಾಡಿಕೊಂಡಿದ್ದ. ಭಾನುವಾರ ಲೋಕಲ್ ಹಿಡಿದು ಠಾಣೆಗೆ ಬಂದು ನಮ್ಮಲ್ಲಿ ದೋಸೆ ತಿನ್ನುತ್ತಿದ್ದ. ಒಮ್ಮೆ ಕೌಂಟರಿನ ಹಿಂದಿನ ಗೋಡೆಯ ಮೇಲೆ ತೂಗುಹಾಕಿದ್ದ ಗಾಲಿಚಾವನ್ನು ನೋಡಿ ಕೈಯಲ್ಲಿದ್ದ ನೀರಿನ ಲೋಟವನ್ನು ಕೆಳಗಿಟ್ಟ. "ಅಂಕಲ್, ಯೇ ಹಮಾರೇ ತರಫ್ ಕಾ ಹೈ. ನಮ್ಮ ಕಡೆಯದು, ನನ್ನ ಅಜ್ಜಿಯ ಜನರದ್ದು," ಎಂದ. ಅಜ್ಜಿಯ ಜನ ಎಂದರೆ ಕುರಿಮಂದೆಯ ಜೊತೆ ಬೆಟ್ಟದಿಂದ ಬಯಲಿಗೆ, ಬಯಲಿನಿಂದ ಬೆಟ್ಟಕ್ಕೆ ಡೇರೆ ಸಾಗಿಸುತ್ತಿದ್ದ ಕಶ್ಕಾಯಿ ಪಂಗಡದವರು. ಅವನು ಊರಿಗೆ ಮರಳಿದ ಮೇಲೂ ಫೋನು ಮಾಡುತ್ತಿದ್ದ. ಪ್ರತಿಸಲ ಒಂದೇ ಮಾತು: "ಶಿರಾಜಿಗೆ ಬನ್ನಿ ಅಂಕಲ್, ನಮ್ಮ ಮನೆ ನಿಮ್ಮದೇ." ಒಂದು ವಸಂತಕಾಲದಲ್ಲಿ ನಾವು ನಿಜಕ್ಕೂ ಹೊರಟುಬಿಟ್ಟೆವು.

ಶಿರಾಜ್, ಮೊದಲ ದಿನ

ಶಿರಾಜಿನಲ್ಲಿ ಇಳಿದ ಬೆಳಗ್ಗೆ ನಾವು ಉಳಿದುಕೊಂಡಿದ್ದ ಹೋಟೆಲಿನ ಪಕ್ಕದ ಓಣಿಗೆ ರೊಟ್ಟಿ ತರಲು ಹೋದೆವು. ಸುಮತಿ ತಲೆಯ ಮೇಲಿಂದ ಜಾರುವ ಸ್ಕಾರ್ಫನ್ನು ಹಿಡಿದುಕೊಳ್ಳುವುದರಲ್ಲೇ ಮುಳುಗಿದ್ದಳು. ಕುಲುಮೆಯಂಥ ಒಲೆಯಿಂದ ಮೊಳದುದ್ದದ ರೊಟ್ಟಿ ತೆಗೆದುಕೊಟ್ಟವನಿಗೆ ನಾನು ಹಣ ಚಾಚಿದೆ. ಅವನು ಎದೆಯ ಮೇಲೆ ಕೈಯಿಟ್ಟು, "ಗಾಬೆಲ್ ನದಾರೆ," ಎಂದ. ನಮ್ಮ ಹಿಂದಿದ್ದ ಗಿರಾಕಿಯೊಬ್ಬ ಇಂಗ್ಲಿಷಿನಲ್ಲಿ ವಿವರಿಸಿದ: ಬೆಲೆ ಕಟ್ಟುವಂಥದ್ದೇನೂ ಅಲ್ಲ ಎನ್ನುತ್ತಿದ್ದಾನೆ. ಎಂಥ ಜನ ಎಂದು ನನ್ನ ಕಣ್ಣು ತುಂಬಿತು. ನಾನೂ ಎದೆಯ ಮೇಲೆ ಕೈಯಿಟ್ಟು ತಲೆಬಾಗಿ, ರೊಟ್ಟಿ ಹಿಡಿದು ಹೊರಟೆ. ಓಣಿಯ ತಿರುವಿನಲ್ಲಿ ಸುಮತಿ ಹಿಂದಿರುಗಿ ನೋಡಿ, "ಅವ ಇನ್ನೂ ನಮ್ಮನ್ನೇ ನೋಡ್ತಾ ನಿಂತಿದ್ದಾನೆ," ಎಂದಳು. ವಿದೇಶದವರ ಮೇಲಿನ ಪ್ರೀತಿ ಎಂದು ನಾನು ಹೇಳಿದೆ.

ಆ ಊರಿನಲ್ಲಿ ಎಲ್ಲಿ ನೋಡಿದರೂ ಬಾಗಿಲುಗಳ ಬಳಿ ಇಬ್ಬರು ನಿಂತಿರುತ್ತಾರೆ. ನೀವು ಮೊದಲು ಎಂದು ಇವರು, ಇಲ್ಲ ನೀವು ಎಂದು ಅವರು. ಲಿಫ್ಟಿನ ಬಾಗಿಲು ತೆರೆದು ಮುಚ್ಚಿದರೂ ಯಾರೂ ಒಳಗೆ ಹೋಗಿರುವುದಿಲ್ಲ. ಬೆಳಗಿನ ಫಾಸ್ಟ್ ಲೋಕಲಿಗೆ ಡೊಂಬಿವಲಿಯಲ್ಲಿ ಹತ್ತುವವನಿಗೆ ಇದು ಬೇರೆ ಗ್ರಹದ ಸಂಗತಿ. ನಮ್ಮಲ್ಲಿ ಹಾಗೆ ನಿಂತರೆ ಠಾಣೆ ಮುಟ್ಟಲು ಒಂದು ಜನ್ಮ ಸಾಲದು. ನಗುತ್ತಾ ನೋಡಿದೆನೇ ಹೊರತು ಇದು ನನಗೆ ಸಂಬಂಧಪಟ್ಟ ವಿಷಯ ಎಂದು ಹೊಳೆಯಲಿಲ್ಲ.

ಮನ್ಸೂರ್ ಆಗಾ ಅವರ ಮನೆ

ಮಧ್ಯಾಹ್ನದ ಊಟಕ್ಕೆ ಬೆಹ್ರೂಜ್ ನಮ್ಮನ್ನು ಮನೆಗೆ ಕರೆದೊಯ್ದ. ಅವನ ತಂದೆ ಮನ್ಸೂರ್ ನಿವೃತ್ತ ಭೂಗೋಳದ ಮೇಷ್ಟ್ರು. ಹಿರಿಯರನ್ನು ಹೆಸರಿನ ಜೊತೆ ಆಗಾ ಎಂದು ಸೇರಿಸಿ ಕರೆಯುತ್ತಾರೆ, ನಮ್ಮ ರಾಯರು ಎಂದ ಹಾಗೆ. ಇಂಗ್ಲಿಷು ನಿಧಾನವಾಗಿ, ಆದರೆ ಚೊಕ್ಕವಾಗಿ ಆಡುತ್ತಿದ್ದರು. ತಾಯಿ ಪರ್ವೀನ್ ಅವರಿಗೆ ಫಾರ್ಸಿ ಬಿಟ್ಟರೆ ಬೇರೆ ಬಾರದು. ನಗುವುದರಲ್ಲೇ ಮಾತು ಮುಗಿಸುತ್ತಿದ್ದರು. ಬೀಬಿ ಎಂದು ಎಲ್ಲರೂ ಕರೆಯುವ ಅಜ್ಜಿ, ಮನ್ಸೂರ್ ಅವರ ತಾಯಿ, ಪಕ್ಕದ ಊರಿನಲ್ಲಿದ್ದ ಮಗಳ ಮನೆಗೆ ಹೋಗಿದ್ದರು.

ಚಪ್ಪಲಿ ಹೊರಗೆ ಬಿಟ್ಟು, ನೆಲದ ಮೇಲೆ ಬಟ್ಟೆ ಹಾಸಿ ಸುತ್ತ ಕೂತು ಉಂಡೆವು. ಪಾತ್ರೆಯ ತಳ ಹಿಡಿದು ಕೆಂಪಗಾದ ಅನ್ನದ ಹಪ್ಪಳಿಕೆಯನ್ನು ಅತಿಥಿಗೆ ಮೊದಲು ಬಡಿಸುವುದು ಅಲ್ಲಿಯ ಮರ್ಯಾದೆ. ನಮ್ಮ ಹೋಟೆಲಿನಲ್ಲಿ ಅನ್ನ ತಳ ಹಿಡಿದರೆ ಭಟ್ಟರಿಗೆ ಬೈಗುಳ ತಪ್ಪಿದ್ದಲ್ಲ. ಊಟ ಮುಗಿಯುವಷ್ಟರಲ್ಲಿ ಬೆಹ್ರೂಜನಿಗೆ ಆಫೀಸಿನಿಂದ ಕರೆ ಬಂತು. ಸಂಜೆ ಬರುತ್ತೇನೆ ಎಂದು ಹೋದ.

ಆಗ ನಾನು ಕಿಟಕಿಯ ಬುಡದ ಗಾಲಿಚಾವನ್ನು ಸರಿಯಾಗಿ ನೋಡಿದೆ. ಮಂಜಿಷ್ಠೆ ಬೇರಿನ ಬಣ್ಣದ ಕೆಂಪು, ನಡುನಡುವೆ ನೀಲಿ. ತುಂಬ ಸವೆದಿತ್ತು, ಒಂದು ಕಡೆ ಹೆಚ್ಚು, ಯಾರೋ ದಿನವೂ ಅಲ್ಲೇ ಕೂರುತ್ತಿದ್ದ ಹಾಗೆ. ನಡುವೆ ಒಂದು ಮರ, ಅಂಚಿನಲ್ಲಿ ಆಡುಗಳು, ಮೂಲೆಯಲ್ಲಿ ಬಾಲವೆತ್ತಿದ ಒಂದು ಪ್ರಾಣಿ. ಮೊಣಕಾಲೂರಿ ಕೂತು ಒಂದು ಮೂಲೆಯನ್ನು ಮಗುಚಿ ಹಿಂಬದಿಯ ಗಂಟುಗಳನ್ನು ನೋಡಿದೆ. ಇಂಥದ್ದು ನನ್ನ ಕೈಗೆ ಒಮ್ಮೆಯೂ ಸಿಕ್ಕಿರಲಿಲ್ಲ.

ನಾನು ಭಾಷಣ ಶುರುಮಾಡಿದೆ. ಇದು ಜೀವವೃಕ್ಷ ಅಲ್ಲವೇ ಎಂದೆ. "ಬಲೆ, ಬಲೆ," ಎಂದರು ಮನ್ಸೂರ್ ಆಗಾ. ಫಾರ್ಸಿಯಲ್ಲಿ ಹೌದು ಎಂದರ್ಥ. ತುಳುವಿನಲ್ಲಿ ಬಲೆ ಎಂದರೆ ಬನ್ನಿ. ನಮಗಿಬ್ಬರಿಗೂ ಪ್ರತಿಸಲ ಅವರು ಬನ್ನಿ ಬನ್ನಿ ಎಂದು ಕರೆದಂತೆಯೇ ಕೇಳುತ್ತಿತ್ತು. ಇದು ಸಿಂಹ, ರಾಜತ್ವದ ಗುರುತು ಎಂದೆ. ಬಲೆ. ಈ ಆಡುಗಳು ಸಮೃದ್ಧಿ. ಬಲೆ, ಬಲೆ. ನನಗೆ ತಿಳಿದದ್ದನ್ನೆಲ್ಲ ಅವರು ಒಪ್ಪುತ್ತಾ ಹೋದರು, ನಾನು ಉಬ್ಬುತ್ತಾ ಹೋದೆ.

"ನನ್ನ ಜೀವನದಲ್ಲಿ ಇಷ್ಟು ಚೆಂದದ ಗಾಲಿಚಾ ನೋಡಿಲ್ಲ," ಎಂದೆ ಕೊನೆಗೆ.

ಅವರು ಎದೆಯ ಮೇಲೆ ಕೈಯಿಟ್ಟು, "ಪೀಶ್‌ಕೆಶ್. ಇದು ನಿಮ್ಮದು. ತೆಗೆದುಕೊಳ್ಳಿ," ಎಂದರು.

"ನಿಜವಾಗಿ?" ಎಂದು ಕೇಳಿದೆ.

"ನಿಮಗೆ ತಕ್ಕದ್ದೇನೂ ಅಲ್ಲ. ದಯವಿಟ್ಟು."

ನಾನು ಅವರ ಎರಡೂ ಕೈ ಹಿಡಿದು ಧನ್ಯವಾದ ಹೇಳಿದೆ. ಆಮೇಲೆ ಗಾಲಿಚಾವನ್ನು ಸುತ್ತತೊಡಗಿದೆ. ಪರ್ವೀನ್ ಒಳಗೆ ಹೋಗಿ ಒಂದು ದಾರ ತಂದರು. ಮನ್ಸೂರ್ ಆಗಾ ತಾವೇ ಬಗ್ಗಿ ಸುರುಳಿಯ ಇನ್ನೊಂದು ತುದಿ ಹಿಡಿದರು. "ಬೇಡ ಮಾರಾಯ್ರೆ, ಇದು ಸರಿ ಕಾಣ್ತಾ ಇಲ್ಲ," ಎಂದು ಸುಮತಿ ತುಳುವಿನಲ್ಲಿ ಪಿಸುಗುಟ್ಟಿದಳು. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎಂದರೆ ಅವರಿಗೆ ಅವಮಾನ ಎಂದು ನಾನು ಅವಳಿಗೆ ತಿಳಿಹೇಳಿದೆ. ಟ್ಯಾಕ್ಸಿಯ ತನಕ ಸುರುಳಿಯನ್ನು ಹೆಗಲ ಮೇಲೆ ಹೊತ್ತವನು ನಾನೇ. ಮನ್ಸೂರ್ ಆಗಾ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದರು. ನಾನು ಕೈ ಬೀಸಿದೆ. ಅವರೂ ಬೀಸಿದರು.

ಹೋಟೆಲಿನ ಕೌಂಟರ್

ಶಿರಾಜಿನಲ್ಲಿ ನಾವು ಉಳಿದುಕೊಂಡಿದ್ದ ಹೋಟೆಲಿನ ಕೌಂಟರಿನಲ್ಲಿ ನಸ್ರೀನ್ ಎಂಬ ಹೆಣ್ಣುಮಗಳಿದ್ದಳು. ಇಂಗ್ಲಿಷು ಚೆನ್ನಾಗಿ ಬರುತ್ತಿತ್ತು. ಸುರುಳಿಯನ್ನು ನೋಡಿ, "ಬಜಾರಿನಿಂದಲೋ?" ಎಂದು ಕೇಳಿದಳು. ನಾನು ಕೌಂಟರಿಗೆ ಆತುಕೊಂಡು ಎಲ್ಲವನ್ನೂ ಹೆಮ್ಮೆಯಿಂದ ಹೇಳಿದೆ. ಅವಳ ಮುಖದ ನಗು ನಿಧಾನವಾಗಿ ಇಳಿಯಿತು.

"ನೀವು ಎಷ್ಟು ಸಲ ಬೇಡ ಅಂದಿರಿ?" ಎಂದಳು.

"ಬೇಡ ಅಂತ ಯಾಕೆ ಅನ್ನಲಿ?"

"ಒಂದು ಸಲವೂ ಅನ್ನಲಿಲ್ಲವೇ?"

ಇಲ್ಲ ಎಂದೆ. ಅವಳು ಕೌಂಟರಿನ ಮೇಲಿದ್ದ ಪೆನ್ನನ್ನು ಅತ್ತಿತ್ತ ಸರಿಸಿದಳು. ಆಮೇಲೆ ಮಗುವಿಗೆ ಹೇಳುವಂತೆ ಹೇಳಿದಳು. ಇದಕ್ಕೆ ನಮ್ಮಲ್ಲಿ ತಾರೋಫ್ ಎನ್ನುತ್ತಾರೆ. ಅತಿಥಿ ಯಾವುದನ್ನಾದರೂ ಹೊಗಳಿದರೆ, ಅದು ನಿಮ್ಮದೇ ಎನ್ನಬೇಕು. ಅತಿಥಿ ಬೇಡ ಎನ್ನಬೇಕು. ಇವರು ಮತ್ತೆ ಕೊಡಬೇಕು, ಅವರು ಮತ್ತೆ ಬೇಡ ಎನ್ನಬೇಕು. ಮೂರು ಸಲವಾದ ಮೇಲೂ ಕೊಡುತ್ತಿದ್ದರೆ ಆಗ ನಿಜವೋ ಏನೋ ಎಂದು ಯೋಚಿಸಬೇಕು. "ಅಂಗಡಿಯವನು ಹಣ ಬೇಡ ಅಂದರೂ ನೀವು ಕೊಡಲೇಬೇಕು ಸರ್," ಎಂದಳು.

ಸುಮತಿ ನನ್ನತ್ತ ನೋಡಿದಳು. "ರೊಟ್ಟಿಯವ," ಎಂದಳು.

ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತೆವು. ಸುರುಳಿ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿತ್ತು, ಮೂರನೆಯ ಮನುಷ್ಯನ ಹಾಗೆ. ಆಗ ಸುಮತಿ ಇನ್ನೊಂದು ಮಾತು ಹೇಳಿದಳು. ಅದು ಮೊದಲಿನದಕ್ಕಿಂತ ಆಳಕ್ಕೆ ಹೋಯಿತು.

"ಬೆಹ್ರೂಜ್ ಅಂದು ನಮ್ಮ ಮನೆಗೆ ಊಟಕ್ಕೆ ಬಂದಿದ್ದ, ನೆನಪುಂಟಾ? ಎರಡನೇ ಸಲ ಬಡಿಸ್ಲಿಕ್ಕೆ ಹೋದ್ರೆ ಸಾಕು ಅಂದ. ನಾನು ಒತ್ತಾಯ ಮಾಡ್ಲಿಕ್ಕೆ ಹೊರಟೆ. ನೀವು ಬಿಡ್ಲಿಲ್ಲ. ಸಾಕು ಅಂದ್ರೆ ಸಾಕು, ಹುಡುಗನನ್ನು ಪೀಡಿಸ್ಬೇಡ ಅಂದ್ರಿ."

ನೆನಪಿತ್ತು. ಕೋಪರಖೈರಣೆಯಿಂದ ಠಾಣೆಗೆ, ಠಾಣೆಯಿಂದ ಡೊಂಬಿವಲಿಗೆ ನಿಂತುಕೊಂಡೇ ಬಂದಿದ್ದ ಹುಡುಗ. ಒಂದು ನೀರುದೋಸೆ ತಿಂದು ಸಾಕು ಎಂದಿದ್ದ. ಕೋಳಿ ಸಾರಿನ ಪಾತ್ರೆಯನ್ನು ಒಳಗಿಡು ಎಂದು ನಾನೇ ಹೇಳಿದ್ದೆ. ಮೂರು ಸಲ ಕೇಳಲಿ ಎಂದು ಅವನು ಕಾಯುತ್ತಾ ಕೂತಿದ್ದನೆಂದು ಈಗ ತಿಳಿಯಿತು.

ಇದು ನನಗೆ ಪರದೇಶದ ವಿದ್ಯೆಯೂ ಆಗಿರಲಿಲ್ಲ. ನನ್ನ ತಾಯಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದವರಿಗೂ ಬೆರಳ ಸಂದಿಯಿಂದ ಬಡಿಸುತ್ತಿದ್ದವಳು. ನೆಂಟರ ಮನೆಯಲ್ಲಿ ಮೊದಲ ಸಲಕ್ಕೇ ಹೂಂ ಎಂದರೆ ಮನೆಗೆ ಬಂದ ಮೇಲೆ ಕಿವಿ ಹಿಂಡುತ್ತಿದ್ದಳು. ನಾನು ಅದನ್ನು ಮುಂಬೈಗೆ ಬಂದು ಮರೆತೆ. ಹೋಟೆಲಿನಲ್ಲಿ ಗಿರಾಕಿ ಬೇಡ ಎಂದರೆ ಬೇಡ, ಬೇಕು ಎಂದರೆ ಬೇಕು. ಲೋಕಲಿನಲ್ಲಿ ಸರಿಯಿರಿ ಎಂದರೆ ಸರಿಯಬೇಕು. ಮಾತಿಗೆ ಒಂದೇ ಅರ್ಥವಿಟ್ಟುಕೊಂಡು ವರ್ಷಾನುಗಟ್ಟಲೆ ದುಡಿದು, ಗಾಲಿಚಾದ ಮೇಲಿನ ಆಡಿಗೂ ಕೊಂಬಿಗೂ ಮಾತ್ರ ಒಳಅರ್ಥ ಹುಡುಕುತ್ತಾ ಓಡಾಡಿದ್ದೆ.

ಮತ್ತೆ ಅದೇ ಮನೆ

ಹಿಂದಿರುಗಿಸಬೇಕು, ಆದರೆ ಅವರಿಗೆ ಅವಮಾನವಾಗಬಾರದು. ನಸ್ರೀನ್ ಒಂದು ಉಪಾಯ ಹೇಳಿಕೊಟ್ಟಳು. ಹಳೆಯ ಗಾಲಿಚಾಗಳನ್ನು ದೇಶದಿಂದ ಹೊರಗೆ ಒಯ್ಯಲು ಅಪ್ಪಣೆ ಬೇಕು. ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲವಂತೆ, ಹಾಗಾಗಿ ನಿಮ್ಮಲ್ಲೇ ಇರಲಿ ಎಂದುಬಿಡಿ. ಸುಮತಿಗೆ ಅದು ಹಿಡಿಸಲಿಲ್ಲ. "ನಮಗೆ ಗೊತ್ತಾಗ್ಲಿಲ್ಲ, ತಪ್ಪಾಯ್ತು ಅಂತ ಸೀದಾ ಹೇಳ್ಲಿಕ್ಕೆ ಎಂತ ಕಷ್ಟ?" ಎಂದಳು. ನನಗೆ ಕಷ್ಟವಿತ್ತು. ಜೀವವೃಕ್ಷದ ಭಾಷಣ ಮಾಡಿದ ಬಾಯಿಯಿಂದ ಏನೂ ಗೊತ್ತಿರಲಿಲ್ಲ ಎಂದು ಹೇಳಬೇಕಿತ್ತಲ್ಲ.

ಮರುದಿನ ಬೆಳಗ್ಗೆ ಸುರುಳಿ ಹೊತ್ತು ಅವರ ಬಾಗಿಲು ತಟ್ಟಿದೆ. ಕಿಟಕಿಯ ಬುಡದ ನೆಲ ಬೋಳಾಗಿತ್ತು. ಗಾಲಿಚಾ ಇದ್ದಷ್ಟು ಅಗಲಕ್ಕೆ ಕಲ್ಲಿನ ಬಣ್ಣವೇ ಬೇರೆ. ನಾನು ಅಪ್ಪಣೆಯ ಕಥೆ ಹೇಳಿದೆ. ಮನ್ಸೂರ್ ಆಗಾ ಅವರ ಮುಖದಲ್ಲಿ ಏನೋ ಒಂದು ಬೆಳಕು ಬಂದದ್ದನ್ನು ನಾನು ಕಂಡೆ. ಅದು ಅಷ್ಟೇ ಬೇಗ ಆರಿತು. ಮರ್ಯಾದಸ್ಥ ಮನುಷ್ಯ ಅದನ್ನು ತಾವೇ ಆರಿಸಿದರು.

"ಅಷ್ಟೇ ತಾನೇ? ಚಿಂತೆ ಬೇಡ. ಆ ಕಚೇರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿ ಇದ್ದಾನೆ. ಅಪ್ಪಣೆ ನಾನು ಮಾಡಿಸಿಕೊಡುತ್ತೇನೆ," ಎಂದರು.

ಬೇಡ ಎಂದೆ. ಖಂಡಿತ ಎಂದರು. ಬೇಡವೇ ಬೇಡ ಎಂದೆ. ಖಂಡಿತ, ಖಂಡಿತ. ಬೇಡ ಎನ್ನುವುದನ್ನು ಕಲಿತು ಬಂದಿದ್ದೆ, ಆದರೆ ಅದರ ಗಳಿಗೆ ಮೀರಿತ್ತು. ಈಗ ನಾನು ಬೇಡ ಎಂದಷ್ಟೂ ಅವರಿಗೆ ಅದು ತಾರೋಫ್ ಆಗಿಯೇ ಕೇಳಿಸುತ್ತಿತ್ತು. ಪರ್ವೀನ್ ಒಂದು ಒಗೆದ ಬಿಳಿ ಬೆಡ್‌ಶೀಟ್ ತಂದು ಸುರುಳಿಯನ್ನು ಸುತ್ತಿ ಗಂಟು ಹಾಕಿ ಬಾಗಿಲ ಪಕ್ಕ ನಿಲ್ಲಿಸಿದರು. ಅದನ್ನು ಕಿಟಕಿಯ ಬಳಿ ಮತ್ತೆ ಹಾಸಲಿಲ್ಲ. ಅದು ಅತಿಥಿಯ ಸೊತ್ತು.

ಹೀಗೆ ನನ್ನ ಸುಳ್ಳಿನಿಂದ ಆ ಹಿರಿಯರು ತಮ್ಮ ಮನೆಯ ಗಾಲಿಚಾವನ್ನು ತಮ್ಮ ಮನೆಯಿಂದ ಕಳಿಸಲು ಕಚೇರಿಗೆ ಅಲೆಯತೊಡಗಿದರು. ಬಿಸಿಲಿನಲ್ಲಿ ಬಸ್ಸು ಹಿಡಿದು ಹೋಗಿ, ನಾಳೆ ಬನ್ನಿ ಎನ್ನಿಸಿಕೊಂಡು ಬರುತ್ತಿದ್ದರು. ನಮ್ಮನ್ನು ಬೆಹ್ರೂಜ್ ಆ ಹೊತ್ತಿಗೆ ಹಳೆಯ ಅರಮನೆಗೆ ಕರೆದೊಯ್ದಿದ್ದ. ಕಂಬದ ನೆರಳಲ್ಲಿ ನಿಂತು ಅವನ ಹತ್ತಿರ ಹೇಳಿಕೊಳ್ಳಲು ನೋಡಿದೆ. "ಬೇಟಾ, ಆ ಗಾಲಿಚಾ ನಾನು ತೆಗೆದುಕೊಳ್ಳಬಾರದಿತ್ತು."

"ನಹೀಂ ನಹೀಂ ಅಂಕಲ್. ಅಬ್ಬಾಗೆ ತುಂಬ ಖುಷಿ," ಎಂದ ಅವನು.

ಅವನು ನೀರು ತರಲು ಹೋದಾಗ ಸುಮತಿ, "ಆ ಹುಡುಗನ ಕಿವಿ ಕೆಂಪಾದದ್ದು ನೋಡಿದ್ರಾ?" ಎಂದಳು.

ಬೀಬಿ

ನಾವು ಊರಿಗೆ ಹೊರಡುವ ಹಿಂದಿನ ಬೆಳಗ್ಗೆ ಬೆಹ್ರೂಜ್ ಫೋನು ಮಾಡಿದ. "ಅಂಕಲ್, ಬೀಬಿ ಆ ಗಯೀ," ಎಂದ. "ಆಪ್ ಆಯೇಂಗೇ?" ಅಜ್ಜಿ ಬಂದಿದ್ದಾರೆ, ನೀವು ಬರುತ್ತೀರಾ ಎಂದು.

ಅವನು ಇಷ್ಟು ದಿನದಲ್ಲಿ ನನ್ನ ಹತ್ತಿರ ಕೇಳಿದ್ದು ಅದೊಂದೇ.

ನಾವು ಹೋದಾಗ ಮನ್ಸೂರ್ ಆಗಾ ಅಪ್ಪಣೆಗಾಗಿ ಕಚೇರಿಗೆ ಹೋಗಿದ್ದರು. ಪರ್ವೀನ್ ಅಡುಗೆಮನೆಯಿಂದ ಹೊರಬರಲಿಲ್ಲ. ಕಿಟಕಿಯ ಬುಡದ ಬರಿ ಕಲ್ಲಿನ ಮೇಲೆ ಗೋಡೆಗೆ ಬೆನ್ನು ಕೊಟ್ಟು ಒಬ್ಬ ಸಣಕಲು ಮುದುಕಿ ಕೂತಿದ್ದರು. ಪಕ್ಕದಲ್ಲಿ ಹೊಸ ಮೆತ್ತೆಯೊಂದನ್ನು ಯಾರೋ ತಂದಿಟ್ಟಿದ್ದರು. ಅವರು ಅದರ ಮೇಲೆ ಕೂತಿರಲಿಲ್ಲ. ಬಾಗಿಲ ಪಕ್ಕದ ಬಿಳಿ ಗಂಟನ್ನು ಅವರು ನೋಡುತ್ತಿರಲಿಲ್ಲ, ನಾವು ಬಂದದ್ದನ್ನು ನೋಡಿದರು.

ನಾನು ಸೀದಾ ಹೋಗಿ ಆ ಗಂಟಿಗೆ ಕೈ ಹಾಕಿದೆ. ಪರ್ವೀನ್ ಬಿಗಿಯಾಗಿ ಕಟ್ಟಿದ್ದರು. ಉಗುರಿನಿಂದ ಆಗದೆ ಹಲ್ಲಿನಿಂದ ಬಿಚ್ಚಿದೆ. ಗಾಲಿಚಾವನ್ನು ಹೊತ್ತು ಅವರ ಎದುರಿಗೆ ತಂದು ನಿಂತೆ. ಯಾವ ಭಾಷೆಯಲ್ಲಿ ಹೇಳಲಿ ಎಂದು ತೋಚದೆ ಕನ್ನಡದಲ್ಲೇ, "ತಪ್ಪಾಯ್ತು ಅಮ್ಮಾ. ನನಗೆ ಗೊತ್ತಾಗ್ಲಿಲ್ಲ," ಎಂದೆ.

ಅವರು ಮೊಮ್ಮಗನನ್ನು ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಕಶ್ಕಾಯಿಗಳ ಮಾತು ಫಾರ್ಸಿಯಲ್ಲ, ತುರ್ಕಿಯ ಜಾತಿಯದು. ಬೆಹ್ರೂಜ್ ನೆಲ ನೋಡುತ್ತಾ ಉತ್ತರಿಸಿದ. ಆಮೇಲಿನ ಮಾತನ್ನೆಲ್ಲ ಅವನು ನನಗೆ ಹಿಂದಿಯಲ್ಲಿ ಹೇಳುತ್ತಾ ಹೋದ.

"ನಿನಗೆ ಇದು ಬೇಕಿತ್ತಾ ಅಂತ ಕೇಳ್ತಾರೆ."

"ಬೇಕಿತ್ತು," ಎಂದೆ.

"ಮತ್ತೆ ವಾಪಸ್ ಯಾಕೆ ತಂದೆ ಅಂತಾರೆ."

"ಇದು ಅವರದು ಅಂತ ಗೊತ್ತಿರಲಿಲ್ಲ."

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಒಂದು ಸಣ್ಣ ಮಾತು ಹೇಳಿದರು.

"ಈಗ ಗೊತ್ತಾಯ್ತಲ್ಲ, ಹಾಸು ಅಂತಾರೆ."

ಹಾಸಿದೆ. ಅವರು ಒಮ್ಮೆ ಪೃಷ್ಠ ಸರಿಸಿ ಸವೆದ ಜಾಗಕ್ಕೆ ಸರಿಯಾಗಿ ಬಂದು ಕೂತರು. ಅಂಗೈಯಿಂದ ಪಕ್ಕದ ಜಾಗ ತಟ್ಟಿದರು. ಅದರ ಮೇಲೆ ಇಡಲು ನನ್ನ ಕಾಲು ಏಳಲಿಲ್ಲ. ಅವರು ಮಣಿಕಟ್ಟು ಹಿಡಿದು ಎಳೆದು ಕೂರಿಸಿಕೊಂಡರು. ಇದರಲ್ಲಿ ನಿನಗೆ ಏನು ಕಂಡಿತು ಎಂದು ಕೇಳಿದರು. ಹೇಳದೆ ವಿಧಿಯಿರಲಿಲ್ಲ. ಮೂಲೆಯ ಪ್ರಾಣಿಯನ್ನು ತೋರಿಸಿ ಸಿಂಹ ಎಂದೆ. ರಾಜತ್ವ ಎಂಬುದನ್ನು ನುಂಗಿಕೊಂಡೆ.

ಬೀಬಿ ಬಾಯಿ ತೆರೆದು ನಕ್ಕರು. ಹಲ್ಲು ಹೆಚ್ಚೇನೂ ಇರಲಿಲ್ಲ.

"ಅದು ಅವರ ಡೇರೆಯ ನಾಯಿ," ಎಂದ ಬೆಹ್ರೂಜ್, ಅವನಿಗೂ ಆಗಲೇ ತಿಳಿದಂತೆ. "ಬೀಬಿಗೆ ಮದುವೆ ಗೊತ್ತಾಗಿದ್ದಾಗ ನೇಯ್ದದ್ದಂತೆ. ನೋಡಲು ಬಂದ ಮಾವನನ್ನೇ ಅದು ಕಚ್ಚಿತ್ತಂತೆ. ಸಿಂಹ ಅಂತ ನಿಮಗೆ ಯಾರು ಹೇಳಿದರು ಅಂತ ಕೇಳ್ತಿದ್ದಾರೆ."

ಪುಸ್ತಕ ಎಂದೆ. ನಿಮ್ಮ ಮಗನೂ ಹೌದು ಎಂದರು ಎಂದು ಸೇರಿಸಿದೆ.

"ಅವನು ಎಲ್ಲರಿಗೂ ಹೌದು ಅನ್ನುತ್ತಾನೆ, ಪೇಟೆಯ ಮಾತು ಕಲಿತಿದ್ದಾನೆ ಅಂತಾರೆ," ಎಂದ ಬೆಹ್ರೂಜ್.

ಅವರು ಒಂದೊಂದು ಆಡಿನ ಮೇಲೂ ಬೆರಳಿಟ್ಟು ಏನೇನೋ ಹೇಳಿದರು. ಕುಂಟ ಆಡು ಯಾವುದು, ಹಿಮ ಬಿದ್ದಾಗ ಸತ್ತದ್ದು ಯಾವುದು. ನಡುವಿನ ಮರಕ್ಕೆ ಬಂದಾಗ ಬೆರಳು ನಿಂತಿತು. ಅದರ ಮೇಲೆ ಅಂಗೈ ಮುಚ್ಚಿ ಕಿಟಕಿಯ ಹೊರಗೆ ನೋಡಿದರು. ಬೆಹ್ರೂಜ್ ಏನೂ ಕೇಳಲಿಲ್ಲ. ಇಷ್ಟು ವರ್ಷಗಳಲ್ಲಿ ಒಂದು ಗುರುತಿನ ಅರ್ಥವನ್ನು ಕೇಳದೆ ನಾನು ಸುಮ್ಮನೆ ಕೂತದ್ದು ಅದೇ ಮೊದಲು.

ಹೊರಡುವಾಗ ಬೀಬಿ ತಮ್ಮ ಅಂಗಿಯ ಜೇಬಿನಿಂದ ಒಂದು ಸಣ್ಣ ನೇಯ್ದ ಪಟ್ಟಿಯನ್ನು ತೆಗೆದು ಸುಮತಿಯ ಕೈಯತ್ತ ಹಿಡಿದರು. ಬೆರಳಗಲದ ಕೆಂಪು ಪಟ್ಟಿ, ತುದಿಗೆ ನೀಲಿ ಕುಚ್ಚು. ಸುಮತಿ ನಸ್ರೀನಳ ಪಾಠವನ್ನು ಚೆನ್ನಾಗಿ ಕಲಿತಿದ್ದಳು. ಎದೆಯ ಮೇಲೆ ಕೈಯಿಟ್ಟು ಬೇಡ ಎಂದು ತಲೆಯಾಡಿಸಿದಳು. ಬೀಬಿ ಇನ್ನೊಮ್ಮೆ ಚಾಚಿದರು. ಸುಮತಿ ಮತ್ತೆ ತಲೆಯಾಡಿಸಿದಳು. ಬೀಬಿ ಹುಬ್ಬೇರಿಸಿ ನೋಡಿ, ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಬೆಹ್ರೂಜ್ ಬಾಗಿಲ ಕಡೆ ತಿರುಗಿ ನಿಂತ; ನಗುವಿಗೆ ಅವನ ಭುಜ ಅಲುಗುತ್ತಿತ್ತು.

ಮೆಟ್ಟಿಲು

"ನನಗೆ ಅದು ಬೇಕಿತ್ತು," ಎಂದಳು ಸುಮತಿ ಮೆಟ್ಟಿಲಿಳಿಯುತ್ತಾ. ಅಷ್ಟರಲ್ಲಿ ಕೆಳಗಿನಿಂದ ಮನ್ಸೂರ್ ಆಗಾ ಹತ್ತಿ ಬಂದರು. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕೈಯಲ್ಲಿ ಮೊಹರು ಒತ್ತಿದ ಒಂದು ಕಾಗದ.

"ಆಯಿತು. ಇನ್ನು ನೀವು ಒಯ್ಯಬಹುದು," ಎಂದರು ಏದುಸಿರಿನಲ್ಲಿ.

"ಗಾಲಿಚಾ ಹಾಸಿ ಬಂದೆ. ಬೀಬಿ ಅದರ ಮೇಲೆ ಕೂತಿದ್ದಾರೆ," ಎಂದೆ. ನಂತರ, ನಾಲ್ಕು ದಿನ ಮೊದಲೇ ಹೇಳಬೇಕಾಗಿದ್ದುದನ್ನು ಹೇಳಿದೆ. ಅಪ್ಪಣೆಯ ಮಾತು ನೆಪವಾಗಿತ್ತು, ನನಗೆ ನಿಮ್ಮ ಪದ್ಧತಿ ತಿಳಿಯಲಿಲ್ಲ, ತಿಳಿದ ಮೇಲೂ ಸೀದಾ ಹೇಳುವ ಧೈರ್ಯ ಬರಲಿಲ್ಲ, ನಿಮ್ಮನ್ನು ಸುಮ್ಮನೆ ಬಿಸಿಲಿನಲ್ಲಿ ಓಡಾಡಿಸಿದೆ.

ಅವರು ಕಾಗದವನ್ನು ನೋಡಿದರು. ಗೋಡೆ ಹಿಡಿದು ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾವೂ ಅವರಿಗಿಂತ ಎರಡು ಮೆಟ್ಟಿಲು ಮೇಲೆ ಕೂತೆವು. ಯಾರದೋ ಮನೆಯಿಂದ ಈರುಳ್ಳಿ ಹುರಿಯುವ ವಾಸನೆ ಬರುತ್ತಿತ್ತು.

"ನೀವು ಅದನ್ನು ಸುತ್ತಿದಾಗ, ಬಾಗಿಲಲ್ಲಿ ಇಟ್ಟುಹೋಗುತ್ತೀರಿ ಅಂದುಕೊಂಡೆ," ಎಂದರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ. "ಬಾಗಿಲಲ್ಲಿ ಇಡಲಿಲ್ಲ. ಬಾಲ್ಕನಿಗೆ ಹೋಗಿ ನೋಡಿದೆ. ಟ್ಯಾಕ್ಸಿಯ ಹತ್ತಿರವಾದರೂ ಇಡುತ್ತೀರಿ ಅಂದುಕೊಂಡೆ. ನೀವು ಕೈ ಬೀಸಿದಿರಿ." ಕಾಗದವನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದರು. "ಆ ಕಚೇರಿಯ ಸಾಲಿನಲ್ಲಿ ನಿಂತು ನಿಮಗೆ ಬಹಳ ಬೈದೆ. ನನ್ನ ಭಾಷೆಯಲ್ಲಿರುವ ಕೆಟ್ಟ ಮಾತುಗಳೆಲ್ಲ ಮುಗಿದವು. ಆಮೇಲೆ ತಾಯಿಯ ಭಾಷೆಯಲ್ಲಿ ಬೈದೆ."

"ಸರಿಯಾಗಿಯೇ ಬೈದಿರಿ," ಎಂದೆ.

ಈಗ ಎದೆಯ ಮೇಲೆ ಕೈಯಿಟ್ಟು ಇಲ್ಲ ಇಲ್ಲ ಎನ್ನುತ್ತಾರೆ ಎಂದು ಕಾದೆ. ಅವರು ಎನ್ನಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಹೌದೆಂದು ತಲೆಯಾಡಿಸಿದರು.